ಕೆಂಪು ದಾರದ ಸ್ಟೇರಿಂಗು

ಗಾಂಧಿ ಬಜಾರಿನಲ್ಲಿ ಸೀರೆ ಕೊಳ್ಳಲು ಕೂತರೆ ಅಂಗಡಿಯವರು ಮೊದಲು ಬಿಡಿಸಿ ತೋರಿಸುವುದು ಸೆರಗನ್ನು. ನಮ್ಮಮ್ಮ ಸೆರಗನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಸೀರೆಯನ್ನು ಮಗುಚಿ ಹಾಕಿ, ಒಳಮೈ ನೋಡಿ, ನೇಯ್ಗೆಯನ್ನು ಎರಡು ಬೆರಳಿನಲ್ಲಿ ಜಗ್ಗಿ, ಬೆಳಕಿಗೆ ಹಿಡಿದು, ಆಮೇಲೆ ಬೆಲೆ ಕೇಳುತ್ತಿದ್ದರು. ಭದ್ರಾವತಿಯಿಂದ ಬಸ್ಸಿನಲ್ಲಿ ಬಂದು ವರ್ಷಕ್ಕೆ ಎರಡೇ ಸೀರೆ ಕೊಳ್ಳುತ್ತಿದ್ದ ಹೆಂಗಸು. ಸೆರಗಿಗೆ ಮರುಳಾಗುವಷ್ಟು ದುಡ್ಡು ಅವರ ಹತ್ತಿರ ಇರಲಿಲ್ಲ.

ಅದೇ ಗಾಂಧಿ ಬಜಾರಿನಲ್ಲಿ, ದೀಪಾವಳಿಯ ಹಿಂದಿನ ವಾರ, ನಾನು ನನ್ನದೇ ಕಾರಿನ ಸೆರಗಿಗೆ ಮರುಳಾಗಿ ಕೂತಿದ್ದೆ ಎಂಬುದು ನನಗೆ ಗೊತ್ತಾಯಿತು. ಆ ಕಥೆಯನ್ನು ಹೇಳಿ, ಆಮೇಲೆ ಸ್ವಲ್ಪ ಜಗಳವಾಡುತ್ತೇನೆ. ಜಗಳ ಮಗನ ಜೊತೆ ಒಂದು ಪಾಲು, ಕಾರು ಕಂಪನಿಗಳ ಜೊತೆ ಒಂದು ಪಾಲು, ಉಳಿದದ್ದು ನಮ್ಮ ನಿಮ್ಮಂಥ ಹೆಂಗಸರ ಜೊತೆ.

ನನ್ನದೊಂದು ಚಿಕ್ಕ ಡೀಸೆಲ್ ಕಾರಿದೆ. ಹಿಂದೆ ಡಿಕ್ಕಿ ಚಾಚಿಕೊಂಡಿರದ, ಬಾಗಿಲು ಮೇಲಕ್ಕೆ ಎತ್ತುವ ಜಾತಿಯದು. ಹ್ಯಾಚ್‌ಬ್ಯಾಕ್ ಅನ್ನುತ್ತಾರೆ. ಯಾವ ಕಂಪನಿಯದೆಂದು ಹೇಳುವುದಿಲ್ಲ, ಏಕೆಂದರೆ ಈ ಕಥೆಯಲ್ಲಿ ಕಾರಿನ ತಪ್ಪು ಏನೂ ಇಲ್ಲ, ತಪ್ಪು ನಮ್ಮ ಮನೆಯದು. 2014ರಲ್ಲಿ ಸಾಲ ಮಾಡಿ ಕೊಂಡೆ, ಸಂಬಳದಲ್ಲಿ ತೀರಿಸಿದೆ. ಶಿವಮೊಗ್ಗದಿಂದ ಭದ್ರಾವತಿ ಕಡೆಯ ಶಾಲೆಗೆ ಬಿ.ಎಚ್. ರಸ್ತೆಯಲ್ಲಿ ಹೋಗಿ ಬರಲು ಅದೇ ನನ್ನ ಕಾಲು. ಈಗ ಇಂಥ ಚಿಕ್ಕ ಡೀಸೆಲ್ ಕಾರು ಹೊಸದಾಗಿ ಸಿಗುವುದೇ ಅಪರೂಪ. 2020ರ ಏಪ್ರಿಲ್‌ನಲ್ಲಿ ಬಿ.ಎಸ್.-6 ಎಂಬ ಹೊಗೆಯ ನಿಯಮ ಜಾರಿಗೆ ಬಂದಾಗ ಮಾರುತಿಯವರು ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿದರು, ಫೋಕ್ಸ್‌ವ್ಯಾಗನ್‌ನವರೂ ನಿಲ್ಲಿಸಿದರು. ಹಾಗಾಗಿ ಇರುವ ಹಳೆಯದನ್ನೇ ಜೋಪಾನ ಮಾಡಿ, ಸಿಂಗರಿಸಿ ಇಟ್ಟುಕೊಳ್ಳುವ ಆಸೆ ಹುಡುಗರಿಗೆ ಹೆಚ್ಚಾಗಿದೆ.

ನನ್ನ ಮಗನಿಗೂ ಆ ಆಸೆ. ಬೆಂಗಳೂರಿನಲ್ಲಿ ಕೆಲಸ. ದಸರಾ ರಜೆಗೆ ಬಂದವನು ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ತಂದ. ನಮ್ಮ ಕಾರಿನ ಕಂಪನಿಯೇ ಮಾಡಿದ, ಆದರೆ ಅದರ ಜೋರಿನ ಸ್ಪೋರ್ಟ್ಸ್ ಮಾದರಿಗೆ ಹಾಕುವ ಸಾಮಾನುಗಳು: ಹಿಂದಿನ ಗಾಜಿನ ಮೇಲೆ ಕೂರಿಸುವ ಸ್ಪಾಯ್ಲರು, ಅಲ್ಯೂಮಿನಿಯಂ ಪೆಡಲು, ಕೆಳಭಾಗ ಚಪ್ಪಟೆಯಾಗಿ ಕೆಂಪು ದಾರದಲ್ಲಿ ಹೊಲಿದ ಚರ್ಮದ ಸ್ಟೇರಿಂಗು. ನಾಲ್ಕು ಅಲಾಯ್ ಚಕ್ರಗಳು ಮಾರನೆಯ ದಿನ ಲಾರಿಯಲ್ಲಿ ಬಂದವು. ಎಲ್ಲವೂ ಬೆಂಗಳೂರಿನಲ್ಲಿ ಯಾರೋ ಬಿಚ್ಚಿ ಮಾರಿದ್ದು.

"ಅಮ್ಮಾ, ಇದು ಬಜಾರ್ ಮಾಲಲ್ಲ, ಕಂಪನಿ ಒರಿಜಿನಲ್ಲು. ಮನೇಲೇ ಹಾಕ್ತೀನಿ, ಲೇಬರ್ ಚಾರ್ಜೂ ಉಳೀತು" ಅಂದ.

ನಾನು ಚೀಟಿಯ ದುಡ್ಡಿನಲ್ಲಿ ಹದಿನೆಂಟು ಸಾವಿರ ಕೊಟ್ಟೆ. ಕೊಟ್ಟಿದ್ದು ಮಾತ್ರವಲ್ಲ, ಎರಡು ದಿನ ಅಂಗಳದಲ್ಲಿ ಟಾರ್ಚು ಹಿಡಿದು ನಿಂತೆ. ಸಂತೋಷವೂ ಆಯಿತು. ನಮ್ಮಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. 1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದ ಆ ಕಾರ್ಖಾನೆ ಭದ್ರಾವತಿಯ ಎಷ್ಟೋ ಮನೆಗಳಿಗೆ ಅನ್ನ ಹಾಕಿದೆ. ನಮ್ಮ ನ್ಯೂಟೌನ್ ಕ್ವಾರ್ಟರ್ಸಿನಲ್ಲಿ ಅಡಿಗೆಮನೆಯಲ್ಲಿ ಸೌಟು ಇದ್ದ ಹಾಗೆ ನಡುಮನೆಯಲ್ಲಿ ಪಾನಾ ಇರುತ್ತಿತ್ತು. ಮೊಮ್ಮಗ ಅದೇ ಪಾನಾ ಹಿಡಿದದ್ದು ಕಂಡು ನನಗೆ ಕಣ್ಣು ತುಂಬಿತು. ಕಾರು ಕೂಡ ಚೆಂದ ಕಂಡಿತು, ಸುಳ್ಳೇಕೆ ಹೇಳಲಿ. ಶಾಲೆಯ ಹುಡುಗರು "ಮೇಡಂ, ಹೊಸ ಕಾರಾ?" ಎಂದು ಕೇಳಿದಾಗ ಇಲ್ಲ ಎನ್ನುವುದಕ್ಕೆ ಒಂದು ಗಳಿಗೆ ತಡಮಾಡಿದೆ.

ಇದಾಗಿ ಮೂರು ವಾರ. ಎಂಟು ತಿಂಗಳ ಬಸುರಿ ಮಗಳನ್ನು ಬಾಣಂತನಕ್ಕೆ ಸಾಗರದಿಂದ ಕರೆತಂದದ್ದು ಇದೇ ಕಾರಿನಲ್ಲಿ. ಮಗ ಓಡಿಸಿದ, ಅವಳು ಪಕ್ಕದಲ್ಲಿ ಕೂತಳು, ನಾನು ಹಿಂದೆ. ಆಮೇಲೊಂದು ಸಂಜೆ ನಾನು ಮತ್ತು ನಮ್ಮ ಮನೆಯವರು ಹಬ್ಬದ ಸಾಮಾನಿಗೆಂದು ಪೇಟೆಗೆ ಹೋದೆವು. ಶಿವಪ್ಪನಾಯಕ ವೃತ್ತದ ಹತ್ತಿರ ಹೇಗೋ ಜಾಗ ಸಿಕ್ಕಿ ಕಾರು ನಿಲ್ಲಿಸಿದೆ. ಅವರು ಗಾಂಧಿ ಬಜಾರಿನ ಒಳಕ್ಕೆ ನಡೆದರು, ನಾನು ಕಾರಿನಲ್ಲೇ ಕೂತೆ. ಸುಮ್ಮನೆ ಕೂತವಳ ಕಣ್ಣಿಗೆ ಸ್ಟೇರಿಂಗಿನ ಹಿಂದಿನ ಮೀಟರಿನ ಗಾಜಿನ ಮೇಲೆ ಉಗುರಗಲದ ಕಪ್ಪು ಚುಕ್ಕಿ ಬಿತ್ತು. ಕೊಳೆ ಅಂದುಕೊಂಡು ಉಗುರಿನಲ್ಲಿ ಕೆರೆದೆ. ಕೊಳೆಯಲ್ಲ, ಇನ್ಸುಲೇಷನ್ ಟೇಪಿನ ಚೂರು. ಕಿತ್ತು ಬಂತು. ಅದರ ಕೆಳಗೆ ಒಂದು ಕೆಂಪು ದೀಪ ಉರಿಯುತ್ತಿತ್ತು: ಸೀಟಿನಲ್ಲಿ ಕೂತ ಒಬ್ಬ ಮನುಷ್ಯ, ಅವನ ಎದೆಯ ಮುಂದೆ ಒಂದು ಗುಂಡು ಚೆಂಡು.

ಅದು ಏರ್‌ಬ್ಯಾಗಿನ ದೀಪ. ಗಾಡಿ ಚಾಲೂ ಮಾಡಿದಾಗ ಕೆಲವು ಕ್ಷಣ ಉರಿದು ಆರಬೇಕು. ಆರದೆ ಉರಿಯುತ್ತಲೇ ಇದ್ದರೆ ಆ ವ್ಯವಸ್ಥೆಯಲ್ಲಿ ದೋಷವಿದೆ, ಅಪಘಾತವಾದರೆ ಚೀಲ ಉಬ್ಬದೇ ಹೋಗಬಹುದು ಎಂದು ಅರ್ಥ. ಚಾಲಕನದು ಮಾತ್ರವಲ್ಲ, ಪಕ್ಕದ ಸೀಟಿನದನ್ನೂ ನಂಬುವ ಹಾಗಿಲ್ಲ.

ಮನೆಗೆ ಬಂದು ಮಗನಿಗೆ ಫೋನು ಮಾಡಿದೆ. ಮೊದಲು "ಏನೂ ಆಗಲ್ಲಮ್ಮಾ" ಅಂದ. ಆಮೇಲೆ ಸುಮ್ಮನಾದ. ಆಮೇಲೆ ನಿಜ ಹೇಳಿದ. ನಮ್ಮ ಹಳೆಯ ಏರ್‌ಬ್ಯಾಗು ಹೊಸ ಸ್ಟೇರಿಂಗಿಗೆ ಕೂರಲಿಲ್ಲ. ಹೊಸ ಸ್ಟೇರಿಂಗಿನ ಜೊತೆ ಬಂದ ಏರ್‌ಬ್ಯಾಗಿನ ವೈರು ನಮ್ಮ ಕಾರಿನ ವೈರಿಗೆ ಕೂಡಲಿಲ್ಲ. ಸದ್ಯಕ್ಕೆ ಹಾಗೇ ಬಿಟ್ಟು ದೀಪಕ್ಕೆ ಟೇಪು ಅಂಟಿಸಿದ. ಮುಂದಿನ ಸಲ ಬಂದಾಗ ಸರಿಮಾಡೋಣ ಅಂತ. ಅಂದರೆ ಮೂರು ವಾರ ನನ್ನ ಎದೆಯ ಮುಂದೆ ಇದ್ದದ್ದು ಕೆಂಪು ದಾರದ ಹೊಲಿಗೆ ಮಾತ್ರ. ಬಸುರಿ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಂದ ತಮ್ಮನಿಗೆ ಅದು ಗೊತ್ತಿತ್ತು.

ನನ್ನ ಮಗ ಕೆಟ್ಟವನಲ್ಲ. ಅದೇ ನನ್ನನ್ನು ನಿದ್ದೆಗೆಡಿಸಿದ್ದು. ಕೆಟ್ಟವನಾಗಿದ್ದರೆ ಬೈದು ಮುಗಿಸಬಹುದಿತ್ತು. ಒಳ್ಳೆಯ ಹುಡುಗನೊಬ್ಬ ಚೆಂದಕ್ಕಾಗಿ ಜೀವ ಕಾಯುವ ವಸ್ತುವನ್ನು ಕಳಚಿಟ್ಟು ದೀಪ ಮುಚ್ಚುತ್ತಾನೆ ಎಂದರೆ, ಹಾಗೆ ಮಾಡುವುದು ಸಹಜ ಎಂಬಂತೆ ಅವನ ಸುತ್ತಲಿನ ಎಲ್ಲರೂ ನಡೆದುಕೊಂಡಿದ್ದಾರೆ ಎಂದೇ ಅರ್ಥ. ನಾನೂ ಸೇರಿ.

ಮೊದಲು ಮಗನ ವಾದವನ್ನೇ ತೆಗೆದುಕೊಳ್ಳೋಣ. ಕಂಪನಿಯ ಸಾಮಾನು ಬಜಾರಿನ ನಕಲಿಗಿಂತ ಮೇಲು ಎಂಬುದು ನಿಜ, ನಾನು ಒಪ್ಪುತ್ತೇನೆ. ಅದೇ ಕಂಪನಿಯ ಸ್ಪಾಯ್ಲರಿನ ಬೋಲ್ಟು ಅದೇ ತೂತಿಗೆ ಕೂರುತ್ತದೆ. ಆದರೆ ಒರಿಜಿನಲ್ ಎಂದರೆ 'ಆ ಮಾದರಿಗೆ ಒರಿಜಿನಲ್' ಎಂದಷ್ಟೇ. ಸ್ಪೋರ್ಟ್ಸ್ ಮಾದರಿಯನ್ನು ಮಾಡುವಾಗ ಎಂಜಿನಿಯರುಗಳು ಚಕ್ರ, ಸ್ಪ್ರಿಂಗು, ಬ್ರೇಕು, ಸ್ಟೇರಿಂಗು, ಏರ್‌ಬ್ಯಾಗಿನ ವೈರು ಎಲ್ಲವನ್ನೂ ಒಟ್ಟಿಗೆ ಇಟ್ಟು ಪರೀಕ್ಷೆ ಮಾಡಿರುತ್ತಾರೆ. ನಾವು ಅದರಿಂದ ಕಣ್ಣಿಗೆ ಕಾಣುವ ನಾಲ್ಕನ್ನು ಮಾತ್ರ ಎತ್ತಿಕೊಂಡು ಬರುತ್ತೇವೆ. ಪಕ್ಕದ ಮನೆಯ ಸಾರಿನ ಒಗ್ಗರಣೆಯನ್ನಷ್ಟೇ ತಂದು ನಮ್ಮ ಪಾಯಸಕ್ಕೆ ಹಾಕಿದ ಹಾಗೆ.

ಚಕ್ರದ ಲೆಕ್ಕ ನೋಡಿ. ನಾನು ಸಮಾಜ ವಿಜ್ಞಾನ ಕಲಿಸುವವಳು, ಆದ್ದರಿಂದ ನಮ್ಮ ಗಣಿತದ ಮೇಡಂ ಹತ್ತಿರ ತೋರಿಸಿಯೇ ಬರೆಯುತ್ತಿದ್ದೇನೆ. ಟೈರಿನ ಮೇಲೆ 185/60 ಆರ್ 15 ಎಂದಿದ್ದರೆ ಅಗಲ 185 ಮಿಲಿಮೀಟರು, ಟೈರಿನ ಗೋಡೆಯ ಎತ್ತರ ಅದರ ನೂರಕ್ಕೆ 60, ಅಂದರೆ 111 ಮಿಲಿಮೀಟರು, ರಿಮ್ಮು 15 ಇಂಚು. ಒಟ್ಟು ವ್ಯಾಸ 603 ಮಿಲಿಮೀಟರು. ಅದರ ಜಾಗಕ್ಕೆ 195/55 ಆರ್ 16 ಹಾಕಿದರೆ ವ್ಯಾಸ ಸುಮಾರು 621. ಆಗ ಮೀಟರಿನ ಮುಳ್ಳು ಅದೇ 80 ತೋರಿಸಿದರೂ ಗಾಡಿ ಮೊದಲಿಗಿಂತ ನೂರಕ್ಕೆ ಮೂರರಷ್ಟು ಹೆಚ್ಚು ಓಡುತ್ತಿರುತ್ತದೆ. ಅದು ಬೇಡವೆಂದು 195/50 ಹಾಕಿದರೆ ವ್ಯಾಸ ಸರಿಹೋಗುತ್ತದೆ, ಆದರೆ ಗೋಡೆ 97 ಮಿಲಿಮೀಟರಿಗೆ ಇಳಿಯುತ್ತದೆ. ಗುಂಡಿಗೆ ಬಿದ್ದಾಗ ಪೆಟ್ಟು ತಿನ್ನುವುದು ಆ ಗೋಡೆ. ಅದು ತೆಳುವಾದರೆ ಪೆಟ್ಟು ರಿಮ್ಮಿಗೆ. ಮಳೆಗಾಲ ಮುಗಿದ ಮೇಲೆ ಮಲೆನಾಡಿನ ರಸ್ತೆಗಳು ಹೇಗಿರುತ್ತವೆಂದು ನಿಮಗೆ ಹೇಳಬೇಕೆ?

ನಮ್ಮ ಕಾರಿಗೆ ಬಂದ ಚಕ್ರಗಳ ಕಥೆ ಇನ್ನೂ ಚೆನ್ನಾಗಿದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳು ಒತ್ತಿರುತ್ತವೆ. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಬಗ್ಗಿ ನೋಡಿದೆ: 1115. ಅಂದರೆ 2015ರ ಹನ್ನೊಂದನೆಯ ವಾರದ್ದು. ರಿಮ್ಮು ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಅದರ ಮೇಲಿನ ರಬ್ಬರು ಬಿರುಕು ಬಿಟ್ಟಿತ್ತು. ರಸ್ತೆಯನ್ನು ಮುಟ್ಟುವುದು ರಿಮ್ಮಲ್ಲ, ರಬ್ಬರು. ಮುಖಕ್ಕೆ ಪೌಡರು ಹಾಕಿಕೊಂಡು ಹರಿದ ಚಪ್ಪಲಿಯಲ್ಲಿ ಮದುವೆಗೆ ಹೊರಟಂತೆ ಇತ್ತು ನಮ್ಮ ಕಾರು.

"ರೇಸಿನ ಕಾರುಗಳೂ ಹೀಗೇ ಇರುತ್ತವಲ್ಲ?" ಎಂದು ಹುಡುಗರು ಕೇಳುತ್ತಾರೆ. ದೂರ ಹೋಗಬೇಡಿ. ಪಕ್ಕದ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ದಾರಿಯಲ್ಲಿ ರ‍್ಯಾಲಿಗಳು ನಡೆಯುತ್ತವೆ. ಅಲ್ಲಿನ ಕಾರಿನೊಳಗೆ ಇಣುಕಿ ನೋಡಿ. ಕಾರು ಪಲ್ಟಿಯಾದರೂ ಮೈ ಜಜ್ಜಿಹೋಗದಂತೆ ಉಕ್ಕಿನ ಕೊಳವೆಗಳ ಪಂಜರ, ಎರಡೂ ಹೆಗಲ ಮೇಲೆ ಬರುವ ಬೆಲ್ಟು, ತಲೆಗೆ ಹೆಲ್ಮೆಟ್ಟು. ಇಷ್ಟಿಲ್ಲದೆ ಅವರನ್ನು ಗೆರೆಯ ಹತ್ತಿರವೂ ಬಿಡುವುದಿಲ್ಲ. ಸ್ಪೋರ್ಟ್ಸ್ ಎಂದರೆ ಮೊದಲು ಅದು. ನಾವು ಅದನ್ನು ಬಿಟ್ಟು ದಾರದ ಬಣ್ಣವನ್ನು ಕಲಿತೆವು.

ಇನ್ನು ಕಂಪನಿಗಳ ಪಾಲು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಭಾರತದಲ್ಲಿ ಮಾರುವ ಐದು ಚಿಕ್ಕ ಕಾರುಗಳನ್ನು ಗಂಟೆಗೆ 64 ಕಿಲೋಮೀಟರು ವೇಗದಲ್ಲಿ ಗುದ್ದಿಸಿ ಪರೀಕ್ಷೆ ಮಾಡಿತು. ಏರ್‌ಬ್ಯಾಗ್ ಇಲ್ಲದ ಐದಕ್ಕೂ ದೊಡ್ಡವರ ರಕ್ಷಣೆಯಲ್ಲಿ ಸಿಕ್ಕಿದ್ದು ಸೊನ್ನೆ ನಕ್ಷತ್ರ. ಅವುಗಳಲ್ಲಿ ಫೋಕ್ಸ್‌ವ್ಯಾಗನ್ ಪೋಲೊ ಒಂದು. ಅದರ ಮೈ ಗಟ್ಟಿಯಾಗಿಯೇ ಉಳಿದಿತ್ತು, ಕೊರತೆ ಏರ್‌ಬ್ಯಾಗಿನದ್ದು. ಎರಡು ಏರ್‌ಬ್ಯಾಗ್ ಇದ್ದ ಅದೇ ಪೋಲೊವನ್ನು ಗುದ್ದಿಸಿದಾಗ ನಾಲ್ಕು ನಕ್ಷತ್ರ ಬಂತು. ಕಂಪನಿ ಏರ್‌ಬ್ಯಾಗ್ ಇಲ್ಲದ ಮಾದರಿಯನ್ನು ನಿಲ್ಲಿಸಿತು. ಸೊನ್ನೆಗೂ ನಾಲ್ಕಕ್ಕೂ ನಡುವಿನ ಆ ವ್ಯತ್ಯಾಸ ಹೊರಗೆ ನಿಂತು ನೋಡುವವರಿಗೆ ಕಾಣುವುದೇ ಇಲ್ಲ. ಅದೇ ಪೋಲೊಗೆ 2013ರಲ್ಲಿ ಬಂದ ಜಿಟಿ ಡೀಸೆಲ್ಲಿನ ಬ್ಯಾಡ್ಜು ಮಾತ್ರ ಎಲ್ಲರಿಗೂ ಕಾಣುತ್ತದೆ, ಆದ್ದರಿಂದ ಅಂಟಿಸಿಕೊಳ್ಳಲು ಎಲ್ಲರಿಗೂ ಆಸೆ.

ನಮ್ಮ ದೇಶದಲ್ಲಿ ಎಷ್ಟೋ ವರ್ಷ ಏರ್‌ಬ್ಯಾಗು, ಎ.ಬಿ.ಎಸ್. ಬ್ರೇಕುಗಳನ್ನು ಮೇಲಿನ ದರ್ಜೆಯ ಮಾದರಿಗೆ ಮೀಸಲಿಟ್ಟು ಮಾರಿದರು, ಪ್ರಾಣವೂ ಮ್ಯೂಸಿಕ್ ಸಿಸ್ಟಮ್ಮಿನ ಹಾಗೆ ಒಂದು ಹೆಚ್ಚಿನ ಸೌಕರ್ಯ ಎಂಬಂತೆ. ಕಾನೂನು ಬಂದು ಎಲ್ಲ ಹೊಸ ಕಾರಿಗೂ ಎ.ಬಿ.ಎಸ್. ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ, ಚಾಲಕನ ಏರ್‌ಬ್ಯಾಗು ಅದೇ ವರ್ಷ ಜುಲೈನಲ್ಲಿ. ಪಕ್ಕದಲ್ಲಿ ಕೂರುವವರ ಏರ್‌ಬ್ಯಾಗಿಗೆ 2021ರ ಕೊನೆಯವರೆಗೆ ಕಾಯಬೇಕಾಯಿತು. ಪಕ್ಕದಲ್ಲಿ ಕೂರುವವರು ನಮ್ಮಲ್ಲಿ ಬಹುಮಟ್ಟಿಗೆ ಯಾರು? ಹೆಂಡತಿ, ಅಮ್ಮ, ಮಗಳು.

ಈಗ ಒಂದು ವಿಚಿತ್ರ ಕೇಳಿ. ಹಳೆಯ ಕಾರಿಗೆ ಸ್ಪಾಯ್ಲರು ಬೇಕೆಂದರೆ ಕೌಂಟರಿನಲ್ಲಿ ಸಿಗುತ್ತದೆ. ಅಲಾಯ್, ಚರ್ಮದ ಹೊದಿಕೆ, ಬಾಗಿಲ ಕೆಳಗಿನ ದೀಪ, ಎಲ್ಲಕ್ಕೂ ಬಣ್ಣದ ಪುಸ್ತಕವಿದೆ. ಏರ್‌ಬ್ಯಾಗು ಇಲ್ಲದ ಕಾರಿಗೆ ಏರ್‌ಬ್ಯಾಗು ಹಾಕಿಸಿಕೊಡಿ ಎಂದು ಕೇಳಿ ನೋಡಿ, ಆಗುವುದಿಲ್ಲ. ಅವರು ಹೇಳುವುದು ಸರಿಯೇ. ಡಿಕ್ಕಿಯನ್ನು ಗುರುತಿಸುವ ಸೆನ್ಸರು, ಆಜ್ಞೆ ಕೊಡುವ ಕಂಪ್ಯೂಟರು, ವೈರು, ಬೆಲ್ಟು, ಎಲ್ಲವೂ ಆ ಕಾರಿನ ಮೈಗೆ ಹೊಂದಿಸಿ ಕಾರ್ಖಾನೆಯಲ್ಲೇ ಆಗಬೇಕಾದ ಕೆಲಸ. ರೆಪ್ಪೆ ಬಡಿಯುವುದರೊಳಗೆ ಸಿಡಿದು ಉಬ್ಬುವ ವಸ್ತು ಅದು, ಅಂಗಳದಲ್ಲಿ ಬಿಚ್ಚುವವನ ಮುಖಕ್ಕೇ ಸಿಡಿಯಬಹುದು. ಚೆಂದ ಆಮೇಲೂ ಕೊಳ್ಳಬಹುದು, ರಕ್ಷಣೆಯನ್ನು ಆಮೇಲೆ ಕೊಳ್ಳಲು ಬರುವುದಿಲ್ಲ. ಹೀಗಿರುವಾಗ ಕಾರಿನೊಳಗೆ ಇರುವ ರಕ್ಷಣೆಯನ್ನು ನಾವೇ ಕಳಚುತ್ತೇವೆಂದರೆ ನಮ್ಮ ಬುದ್ಧಿಗೆ ಏನೆನ್ನಬೇಕು?

ಕಾನೂನಿನ ಮಾತೂ ಒಂದಿಷ್ಟು ಇರಲಿ. ನೋಂದಣಿ ಪತ್ರದಲ್ಲಿ ಬರೆದ ವಿವರಗಳು ಕಂಪನಿ ಮಾಡಿದ್ದಕ್ಕಿಂತ ಬೇರೆಯಾಗುವ ಹಾಗೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ನಿಯಮ ಮೀರಿದ ಒಂದೊಂದು ಮಾರ್ಪಾಡಿಗೂ ಮಾಲೀಕರಿಗೆ ಐದು ಸಾವಿರ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಎಂದು ಬರೆದರು. ಸ್ಪಾಯ್ಲರಿಗೆ ಯಾರೂ ಜೈಲಿಗೆ ಕಳಿಸುವುದಿಲ್ಲ, ಹೆದರಬೇಡಿ. ಆದರೆ ಕಾಯ್ದೆ ಹೇಳುವ ಆ ಮಾಲೀಕರು ಯಾರು? ನಮ್ಮ ಮನೆಯಲ್ಲಿ ಆರ್.ಸಿ. ನನ್ನ ಹೆಸರಿನಲ್ಲಿದೆ. ಪಾನಾ ಹಿಡಿದವನು ಮಗ, ಉತ್ತರ ಹೇಳಬೇಕಾದವಳು ನಾನು.

ಇನ್ನು ನಮ್ಮ ಪಾಲಿನ ಜಗಳ. ಅಕ್ಕತಂಗಿಯರೇ, ಮಕ್ಕಳ ಈ ಸಿಂಗಾರಕ್ಕೆ ದುಡ್ಡು ಎಲ್ಲಿಂದ ಬರುತ್ತದೆ? ನಮ್ಮ ಚೀಟಿಯಿಂದ, ಸಾಸಿವೆ ಡಬ್ಬಿಯಿಂದ, ಕೆಲವೊಮ್ಮೆ ಅಡವಿಟ್ಟ ಬಳೆಯಿಂದ. ಕೊಡುವಾಗ ನಾವು ಕೇಳುವುದು ಒಂದೇ ಪ್ರಶ್ನೆ: ಎಷ್ಟಾಗುತ್ತದೆ? ಗಾಂಧಿ ಬಜಾರಿನಲ್ಲಿ ಇನ್ನೂರು ರೂಪಾಯಿಯ ರವಿಕೆ ಕಣಕ್ಕೆ ಬಣ್ಣ ಹೋಗುತ್ತದೆಯೇ, ಕುಗ್ಗುತ್ತದೆಯೇ ಎಂದು ಹತ್ತು ಪ್ರಶ್ನೆ ಕೇಳುವ ನಾವು ಕಾರಿನ ಮುಂದೆ ಮೂಕರಾಗುತ್ತೇವೆ. 'ಅದು ಗಂಡಸರ ವಿಷಯ' ಎಂದು ಹಿಂದಿನ ಸೀಟಿಗೆ ಹೋಗಿ ಕೂರುತ್ತೇವೆ. ಕೂತ ಮೇಲಾದರೂ ಬೆಲ್ಟು ಹಾಕುತ್ತೇವೆಯೇ? ಸೀರೆ ಮುದುಡುತ್ತದೆ. ಮಗುವನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತೇವೆ, ನಮ್ಮ ತೋಳಿಗಿಂತ ಗಟ್ಟಿ ಯಾವುದಿದೆ ಎಂಬ ಧೈರ್ಯ.

ಕೇಂದ್ರ ಸರ್ಕಾರದ ಲೆಕ್ಕ ಕೇಳಿ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅವರಲ್ಲಿ ಸೀಟ್ ಬೆಲ್ಟ್ ಹಾಕದೆ ಸತ್ತವರು 16,715. ಇವರಲ್ಲಿ ಗಾಡಿ ಓಡಿಸುತ್ತಿದ್ದವರು 8,384, ಸುಮ್ಮನೆ ಕೂತಿದ್ದವರು 8,331. ಹೆಚ್ಚುಕಡಿಮೆ ಅರ್ಧಕ್ಕರ್ಧ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಪಾಲ್ಘರ್ ಹತ್ತಿರ ತೀರಿಕೊಂಡರಲ್ಲ, ಅವರು ಕೂತಿದ್ದದ್ದು ದುಬಾರಿ ಕಾರಿನ ಹಿಂದಿನ ಸೀಟಿನಲ್ಲಿ. ಬೆಲ್ಟು ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದರು. ಹಿಂದೆ ಕೂತವರಿಗೆ ಏನೂ ಆಗದು ಎಂಬುದು ನಮ್ಮ ಭ್ರಮೆ.

"ಹಾಗಾದರೆ ಹುಡುಗರು ಆಸೆಯನ್ನೇ ಪಡಬಾರದೆ?" ಎಂದು ನಮ್ಮ ಮನೆಯವರೇ ಕೇಳಿದರು. ಪಡಲಿ. ಪಾನಾ ಹಿಡಿಯುವ ಕೈ ಮೊಬೈಲು ಮಾತ್ರ ಹಿಡಿಯುವ ಕೈಗಿಂತ ಮೇಲು. ಹುಡುಗಿಯರೂ ಹಿಡಿಯಲಿ ಎನ್ನುತ್ತೇನೆ. ನಮ್ಮಪ್ಪ ನನ್ನ ತಮ್ಮನಿಗೆ ಕಲಿಸಿದರು, ನನಗೆ ಟಾರ್ಚು ಹಿಡಿಯಲು ಮಾತ್ರ ಹೇಳಿದರು. ಕಲಿಸಿದ್ದರೆ ಆ ದೀಪ ಮೊದಲ ದಿನವೇ ನನ್ನ ಕಣ್ಣಿಗೆ ಬೀಳುತ್ತಿತ್ತೋ ಏನೋ. ಅವರು ತಮ್ಮನಿಗೆ ಹೇಳುತ್ತಿದ್ದ ಮಾತು ಮಾತ್ರ ನನಗೂ ಕೇಳಿಸಿತ್ತು: "ಕಾಣೋ ಬೋಲ್ಟನ್ನ ಯಾರಾದ್ರೂ ಬಿಗಿ ಮಾಡ್ತಾರೆ. ಕಾಣದೇ ಇರೋದನ್ನ ಬಿಗಿ ಮಾಡೋನು ಫಿಟ್ಟರ್."

ನನ್ನ ತಕರಾರು ಆಸೆಯ ಮೇಲಲ್ಲ, ಸರದಿಯ ಮೇಲೆ. ಮೊದಲು ಟೈರು, ಅದರ ವಯಸ್ಸು, ಅದರ ಹಲ್ಲು. ಕಾನೂನಿನ ಪ್ರಕಾರ ಕಾರಿನ ಟೈರಿನ ಗಾಡಿ 1.6 ಮಿಲಿಮೀಟರಿಗಿಂತ ಸವೆಯಬಾರದು. ಆಮೇಲೆ ಬ್ರೇಕು. ಆಮೇಲೆ ಐದು ಸೀಟಿನ ಐದು ಬೆಲ್ಟು, ಹಿಂದಿನ ಬೆಲ್ಟಿನ ಕೊಂಡಿ ಸೀಟಿನ ಸಂದಿಯಲ್ಲಿ ಹೂತುಹೋಗಿದ್ದರೆ ಅದನ್ನು ಎತ್ತುವ ಕೆಲಸ. ಆಮೇಲೆ ದೀಪಗಳು. ಇಷ್ಟಾಗಿ ದುಡ್ಡು ಉಳಿದರೆ ಸ್ಪಾಯ್ಲರು ಬರಲಿ, ನಾನೇ ಟಾರ್ಚು ಹಿಡಿಯುತ್ತೇನೆ. ಆದರೆ ಏರ್‌ಬ್ಯಾಗು ಇರುವ ಸ್ಟೇರಿಂಗಿಗೆ ಮನೆಯಲ್ಲಿ ಯಾರೂ ಕೈ ಹಾಕಕೂಡದು. ಯಾವ ಮಾರ್ಪಾಡಾದರೂ ವಿಮೆಯವರಿಗೆ ಬರೆದು ತಿಳಿಸಬೇಕು.

ಮಗ ಆ ಶನಿವಾರವೇ ಬಂದ. ನಾನು ಬೈಯಲಿಲ್ಲ. ಅವನ ಅಕ್ಕ ಬೈದಳು, ಅವಳಿಗೆ ಹಕ್ಕಿತ್ತು. ಇಬ್ಬರೂ ಕಾರನ್ನು ಮೆಕ್ಯಾನಿಕ್ ಹತ್ತಿರ ಒಯ್ದೆವು. ಅವರು ಹಳೆಯ ಸ್ಟೇರಿಂಗನ್ನೂ ಹಳೆಯ ಏರ್‌ಬ್ಯಾಗನ್ನೂ ವಾಪಸು ಕೂರಿಸಿ, ಯಂತ್ರ ಹಚ್ಚಿ ಪರೀಕ್ಷಿಸಿ ಕೊಟ್ಟರು. ಹೊಳೆಯುವ ರಿಮ್ಮು ಬಿಚ್ಚಿ ಹಳೆಯ ಚಕ್ರ ಹಾಕಿದೆವು, ಹೊಸ ಟೈರಿನ ಸಮೇತ. ಸ್ಪಾಯ್ಲರು ಇದ್ದಲ್ಲೇ ಇದೆ. ಅದು ಯಾರಿಗೂ ಏನೂ ಮಾಡುವುದಿಲ್ಲ. ಕೆಂಪು ದಾರದ ಸ್ಟೇರಿಂಗು ಅಟ್ಟದ ಮೇಲೆ ಕೂತಿದೆ. ಮಾರಿಬಿಡಲೇ ಎಂದು ಮಗ ಕೇಳಿದ. ಬೇಡ ಅಂದೆ. ಇನ್ನೊಬ್ಬ ತಾಯಿಯ ಕಾರಿಗೆ ಅದು ಹೋಗುವುದು ಬೇಡ.

ನಾಳೆ ಬೆಳಿಗ್ಗೆ ನೀವು ಕಾರಿನಲ್ಲಿ ಕೂತಾಗ ಒಂದು ಕೆಲಸ ಮಾಡಿ. ಚಾವಿ ತಿರುಗಿಸಿದಾಗ ಎದೆಯ ಮುಂದೆ ಚೆಂಡಿರುವ ಆ ಕೆಂಪು ಮನುಷ್ಯ ಹೊತ್ತಿಕೊಂಡು, ಕೆಲವು ಕ್ಷಣಗಳಲ್ಲಿ ಆರಿದನೇ ನೋಡಿ. ಆರದಿದ್ದರೆ ದೋಷ. ಹೊತ್ತಿಕೊಳ್ಳಲೇ ಇಲ್ಲವೆಂದರೂ ದೋಷ, ಗಾಜಿನ ಮೇಲೆ ಬೆರಳಾಡಿಸಿ ನೋಡಿ. ಓಡಿಸುವವರು ನೀವಲ್ಲದಿದ್ದರೂ ಸರಿ, ಕುತ್ತಿಗೆ ಚಾಚಿ ನೋಡಿ. "ನಿನಗೇಕೆ ಇದೆಲ್ಲ?" ಎಂದು ಯಾರಾದರೂ ಕೇಳಿದರೆ, ಕೂತಿರುವವಳು ನಾನು ಎಂದು ಹೇಳಿ.